ಹೊಲದ ಬದುವಿಗೊಂದು ತಡೆಯಾಜ್ಞೆ, ಅಕ್ಕನಿಗೊಂದು

ನಮ್ಮ ಕಡೆ ಇಂಜಂಕ್ಷನ್, ಅಂದ್ರೆ ತಡೆಯಾಜ್ಞೆ, ಅನ್ನೋ ಪದ ಗೊತ್ತಿಲ್ಲದೋರು ಕಮ್ಮಿ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜಿಗೂ ಗೊತ್ತಿತ್ತು. ನಾನಿನ್ನೂ ಹೈಸ್ಕೂಲಲ್ಲಿದ್ದಾಗ ಅಪ್ಪನಿಗೂ ದೊಡ್ಡಪ್ಪನ ಮಕ್ಕಳಿಗೂ ಹೊಲದ ಬದು ವಿಚಾರಕ್ಕೆ ಜಗಳ ಹತ್ತಿ, ಅವರು ಒಂದು ರಾತ್ರಿ ಬದು ಒತ್ತರಿಸಿ ಈ ಕಡೆಗೆ ಎರಡು ಸಾಲು ಉತ್ತುಬಿಟ್ಟಿದ್ರು, ಅಪ್ಪ ಬೆಳಗ್ಗೆ ನೋಡಿದೋರೇ ತಿಂಡಿನೂ ತಿನ್ನದೆ ಬಸ್ ಹತ್ತಿ ಲಾಯರ್ ಹತ್ರ ಹೋದ್ರು. ಹದಿನೈದು ದಿನದೊಳಗೆ ತಡೆಯಾಜ್ಞೆ ಕೈಲಿತ್ತು. ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಸಿಗಿಸಿಟ್ಟಿದ್ದು ಇವತ್ತಿಗೂ ಕಣ್ಮುಂದೆ ಇದೆ. ಬದು ದಾಟಿ ಈ ಕಡೆ ಕಾಲಿಡಂಗಿಲ್ಲ, ಇಟ್ರೆ ಕೋರ್ಟ್ ನೋಡ್ಕೊಳುತ್ತೆ ಅಂತ ಅಪ್ಪ ಮನೆಗೆ ಬಂದೋರಿಗೆಲ್ಲ ಹೇಳ್ತಿದ್ರು.

ಅದೇ ಅಪ್ಪ, 2022ರಲ್ಲಿ ಅಕ್ಕ ಮಗಳ ಕೈ ಹಿಡ್ಕೊಂಡು ಒಂದು ಬ್ಯಾಗ್ ತಗೊಂಡು ಮನೆಗೆ ಬಂದು ನಿಂತಾಗ, ಅವಳ ಎಡಗಿವಿ ಹತ್ರ ಊದ್ಕೊಂಡಿರೋದನ್ನ ನೋಡಿ, ಸ್ವಲ್ಪ ಹೊತ್ತು ಏನೂ ಮಾತಾಡದೆ ಕೂತಿದ್ದು ಆಮೇಲೆ, "ಒಂದೆರಡು ದಿನ ಇದ್ದು ಹೋಗಮ್ಮ, ನಾನು ಅವನ ಹತ್ರ ಮಾತಾಡ್ತೀನಿ" ಅಂದ್ರು.

ಅಪ್ಪ ಕೆಟ್ಟೋರಲ್ಲ. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ, ಅಷ್ಟೆ. ಹೊಲಕ್ಕೆ ಕೊಡೋ ಥರದ್ದೇ ಒಂದು ಆದೇಶ ಮಗಳಿಗೂ ಕೊಡ್ತಾರೆ, ಈ ಮನುಷ್ಯ ಇವಳ ಮೈ ಮುಟ್ಟಂಗಿಲ್ಲ, ಇವಳಿರೋ ಬಾಗಿಲಿಗೆ ಬರಂಗಿಲ್ಲ ಅಂತ ಅದೇ ಕೋರ್ಟ್ ಕಾಂಪೌಂಡಲ್ಲಿ ಇನ್ನೊಬ್ಬ ಜಡ್ಜು ಬರೆದುಕೊಡ್ತಾರೆ ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಡಿಗ್ರಿ ಓದಿ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದೋಳು ನಾನು. ಅದಕ್ಕೇ ಇದನ್ನ ಬರೀತಿದೀನಿ. ಅಕ್ಕನ್ನ ಕೇಳಿಯೇ ಬರೀತಿರೋದು, ಹೆಸರು ಊರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ ಅಂದ್ಲು.

ಅವತ್ತು ಹೊಸತೊಡಕು. ಯುಗಾದಿ ಮಾರನೇ ದಿನ ನಮ್ಮ ಕಡೆ ಹೆಂಗಿರುತ್ತೆ ಅಂತ ಗೊತ್ತಲ್ಲ, ಮನೆ ಮನೇಲೂ ಮಾಂಸದಡಿಗೆ, ಅರಳಿಕಟ್ಟೆ ಹತ್ರ ಇಸ್ಪೀಟು. ಭಾವ ರಾತ್ರಿ ಬಂದು ಅವಲಕ್ಕಿ ಸರ ಕೇಳಿದ್ರು, ಅಕ್ಕ ಕೊಡಲ್ಲ ಅಂದ್ಲು. ಮುಂದಿಂದು ಬರೆಯಲ್ಲ. ಅದು ಮೊದಲ ಸಲ ಅಲ್ಲ, ಹನ್ನೊಂದು ವರ್ಷದಲ್ಲಿ ಎಷ್ಟನೇ ಸಲ ಅನ್ನೋದು ಅವಳಿಗೂ ಲೆಕ್ಕ ಇಲ್ಲ. ಅವಳು ಪ್ರೈವೇಟ್ ಸ್ಕೂಲಲ್ಲಿ ಟೀಚರು, ಸಂಬಳ ಬರೋ ಅಕೌಂಟಿನ ಎಟಿಎಂ ಕಾರ್ಡ್ ಮೊದಲಿಂದಲೂ ಭಾವನ ಪರ್ಸಲ್ಲೇ ಇತ್ತು, ಬಸ್ ಚಾರ್ಜಿಗೆ ದಿನಾ ಬೆಳಗ್ಗೆ ಕೈ ಚಾಚಬೇಕು. ನಾವು ಅದನ್ನೆಲ್ಲ ಹಿಂಸೆ ಅಂದ್ಕೊಂಡೇ ಇರ್ಲಿಲ್ಲ, ಭಾವ ಸ್ವಲ್ಪ ಸ್ಟ್ರಿಕ್ಟು ಅಂದ್ಕೊಂಡಿದ್ವಿ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೇನ ಆ ಎರಡು ತಿಂಗಳಲ್ಲಿ ಐದು ಜನ ಹೇಳಿದ್ರು, ನಾನು ಲೆಕ್ಕ ಇಟ್ಟಿದೀನಿ. ಸೋದರಮಾವ, ಭಾವನ ಚಿಕ್ಕಪ್ಪ, ಪಕ್ಕದ ಮನೆ ಅಜ್ಜಿ, ಪಂಚಾಯ್ತಿ ಮೆಂಬರ್ ಒಬ್ರು, ಸ್ಟೇಷನ್ನಲ್ಲಿ ಒಬ್ಬ ಸಾಹೇಬ್ರು. ಅಕ್ಕನ ಮನೇಲಿ ಉಂಡಾದ ಮೇಲೇ ಶುರುವಾಗ್ತಿತ್ತು, ಅದನ್ನ ಯಾರಿಗೆ ಹೇಳೋದು.

ಸ್ಟೇಷನ್ನಲ್ಲಿ ಕೆಟ್ಟದಾಗೇನೂ ನಡೆಸ್ಕೊಳ್ಳಲಿಲ್ಲ. ಭಾವನ್ನ ಕರೆಸಿದ್ರು, ಬೈದ್ರು, ಇನ್ನು ಮುಂದೆ ಹೊಡೆಯಲ್ಲ ಅಂತ ಮುಚ್ಚಳಿಕೆ ಬರೆಸ್ಕೊಂಡು ಇಬ್ಬರ ಕೈಲೂ ಸೈನ್ ಹಾಕಿಸಿ ಕಳಿಸಿದ್ರು. ಅಪ್ಪ ಅಮ್ಮನಿಗೆ ಸಮಾಧಾನ ಆಯ್ತು, ಕಾಗದ ಆಗಿದೆಯಲ್ಲ ಅಂತ. ಆ ಮುಚ್ಚಳಿಕೆ ಹನ್ನೆರಡು ದಿನ ಬಾಳಿಕೆ ಬಂತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಇದೇ ಕಡೇ ಮೆಟ್ಟಿಲು ಅಂದ್ಕೊಂಡು ಅಲ್ಲಿಗೇ ನಿಂತುಬಿಡ್ತಾರೆ. ಸ್ಟೇಷನ್ನಲ್ಲಿ ಹಂಗೆ ಬರೆಸಿಕೊಳ್ಳೋ ಮುಚ್ಚಳಿಕೆ ಅಂದ್ರೆ ಅವನು ಕೊಟ್ಟ ಮಾತು. ಅದನ್ನ ಮುರಿದ ಅನ್ನೋ ಒಂದೇ ಕಾರಣಕ್ಕೆ ಅವನ ಮೇಲೆ ಕೇಸ್ ಆಗಲ್ಲ, ಮತ್ತೆ ಹೊಡೆದದ್ದಕ್ಕೆ ಮತ್ತೆ ಹೊಸದಾಗಿ ದೂರು ಕೊಡ್ಬೇಕು, ಮತ್ತೆ ಮೊದಲಿಂದ ಕಥೆ ಹೇಳ್ಬೇಕು. ಮ್ಯಾಜಿಸ್ಟ್ರೇಟ್ ಕೊಡೋ ರಕ್ಷಣಾ ಆದೇಶ ಹಂಗಲ್ಲ, ಅದರಲ್ಲಿ ಅವನು ಒಪ್ಪೋದು ಬಿಡೋದು ಏನೂ ಇಲ್ಲ, ಕೋರ್ಟು ಮಾಡಬೇಡ ಅಂದಿದೆ, ಮಾಡಿದ್ರೆ ಆ ಮುರಿದದ್ದೇ ಒಂದು ಅಪರಾಧ. ಒಂದು ವರ್ಷದ ತನಕ ಜೈಲು, ಇಲ್ಲಾಂದ್ರೆ 20,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನ ರಕ್ಷಿಸೋ ಕಾಯ್ದೆಯ 31ನೇ ಕಲಂ. ಮುಂದಿನ 32ನೇ ಕಲಂ ಪ್ರಕಾರ ಪೊಲೀಸರು ವಾರಂಟ್ ಇಲ್ದೇನೆ ಹಿಡೀಬಹುದು, ಜಾಮೀನು ಸ್ಟೇಷನ್ನಲ್ಲಿ ಸಿಗಲ್ಲ, ಕೋರ್ಟಲ್ಲೇ ತಗೋಬೇಕು. ಅಷ್ಟೇ ಅಲ್ಲ, ಆದೇಶ ಮುರಿದ ಅಂತ ಹೆಂಗಸು ಒಬ್ಬಳೇ ಸಾಕ್ಷಿ ಹೇಳಿದ್ರೂ ಕೋರ್ಟು ಅದರ ಮೇಲೇ ತೀರ್ಮಾನಕ್ಕೆ ಬರಬಹುದು ಅಂತ ಅದೇ ಕಲಂ ಹೇಳುತ್ತೆ. ನಾಲ್ಕು ಗೋಡೆ ಮಧ್ಯೆ ನಡೆಯೋದಕ್ಕೆ ಇನ್ನೊಬ್ಬ ಸಾಕ್ಷಿ ಎಲ್ಲಿಂದ ತರೋದು ಅನ್ನೋದನ್ನ ಈ ಕಾನೂನು ಬರೆದೋರು ಯೋಚನೆ ಮಾಡಿದ್ರು ಅನ್ನೋದು ಗೊತ್ತಾದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ದಾರಿ ತೋರಿಸಿದ್ದು ತಾಲೂಕು ಆಸ್ಪತ್ರೆಯ ಒಬ್ರು ಸಿಸ್ಟರ್. ಮುಚ್ಚಳಿಕೆ ಮುರಿದು ಹೊಡೆದ ಮೇಲೆ ಅಕ್ಕನ್ನ ಕರ್ಕೊಂಡು ಹೋಗಿದ್ವಿ, ಕಿವಿ ತಮಟೆಗೆ ಏಟಾಗಿತ್ತು. ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತ ಅಕ್ಕ ಹೇಳಿದ್ಲು. ಸಿಸ್ಟರ್ ಡಾಕ್ಟರ್ ಹೊರಗೆ ಹೋದ ಮೇಲೆ ಬಂದು ಮಂಚದ ಪಕ್ಕ ಕೂತು, "ಜಾರಿ ಬಿದ್ರೆ ಕಿವಿಗೆ ಮಾತ್ರ ಏಟಾಗಲ್ಲ ಕಣವ್ವ, ಎಂಎಲ್‌ಸಿ ಬರೆಸು, ಆಮೇಲೆ ಸಿಡಿಪಿಒ ಆಫೀಸಿಗೆ ಹೋಗು" ಅಂದ್ರು. ಎಂಎಲ್‌ಸಿ ಅಂದ್ರೆ ಏಟಿನ ಬಗ್ಗೆ ಪೊಲೀಸು ಕೋರ್ಟಿಗೆ ಆಗೋ ಥರ ಆಸ್ಪತ್ರೇಲಿ ಬರೆಯೋ ದಾಖಲೆ. ಸಿಡಿಪಿಒ ಅಂದ್ರೆ ಅಂಗನವಾಡಿ ನೋಡ್ಕೊಳ್ಳೋರು, ಅವರಿಗೂ ಇದಕ್ಕೂ ಏನು ಸಂಬಂಧ ಅಂತ ನಾವು ಮುಖ ಮುಖ ನೋಡ್ಕೊಂಡ್ವಿ. ಕರ್ನಾಟಕದಲ್ಲಿ ತಾಲೂಕು ಮಟ್ಟದಲ್ಲಿ ಈ ಕಾಯ್ದೆಯ ರಕ್ಷಣಾಧಿಕಾರಿ ಅವರೇ, ಶಿಶು ಅಭಿವೃದ್ಧಿ ಯೋಜನಾಧಿಕಾರಿ.

ಆ ಆಫೀಸಲ್ಲಿ ಟೇಬಲ್ ಮೇಲೆ ಅಂಗನವಾಡಿ ಮೊಟ್ಟೆ ಬಿಲ್ಲುಗಳ ರಾಶಿ, ಹೊರಗೆ ಕಾರ್ಯಕರ್ತೆಯರ ಕ್ಯೂ, ಮೇಡಂಗೆ ಕೂತ್ಕೊಂಡು ಮಾತಾಡೋಕೂ ಪುರುಸೊತ್ತಿಲ್ಲ. ಆದ್ರೂ ಬಾಗಿಲು ಮುಂದೆ ಮಾಡಿ ಒಂದು ಫಾರಂ ತೆಗೆದ್ರು. ಡಿಐಆರ್ ಅಂತಾರೆ, ಕೌಟುಂಬಿಕ ಘಟನೆಯ ವರದಿ. ಅದನ್ನ ನಾನು ಪಕ್ಕದಲ್ಲೇ ಕೂತು ನೋಡಿದೀನಿ. ದೈಹಿಕ ಹಿಂಸೆ ಅಂತ ಒಂದು ಭಾಗ, ಲೈಂಗಿಕ ಹಿಂಸೆ ಅಂತ ಒಂದು, ಬೈಗುಳ ಮತ್ತೆ ಮಾನಸಿಕ ಹಿಂಸೆ ಒಂದು, ಆರ್ಥಿಕ ಹಿಂಸೆ ಅಂತ ಇನ್ನೊಂದು, ಒಂದೊಂದರ ಕೆಳಗೂ ಸಾಲು ಸಾಲು, ಮೇಡಂ ಒಂದೊಂದೇ ಓದಿ ಕೇಳ್ತಾ ಟಿಕ್ ಹಾಕ್ತಾ ಹೋದ್ರು. ಖರ್ಚಿಗೆ ದುಡ್ಡು ಕೊಡ್ದೇ ಇರೋದು. ಸಂಬಳ ಕಿತ್ಕೊಳ್ಳೋದು. ಅಲ್ಲಿಗೆ ಬಂದಾಗ ಅಕ್ಕ ತಡೆದು ಕೇಳಿದ್ಲು, "ಮೇಡಂ, ಇದೂ ಬರುತ್ತಾ ಇದರಲ್ಲಿ?" ಅಂತ. ಬರುತ್ತಮ್ಮ ಅಂದ್ರು. ಹೊಡೆದದ್ದನ್ನ ಹೇಳುವಾಗೆಲ್ಲ ಗಟ್ಟಿಯಾಗಿದ್ದೋಳು ಅಲ್ಲಿ ಅತ್ತುಬಿಟ್ಲು. ಹನ್ನೊಂದು ವರ್ಷ ತನ್ನ ಹಣೆಬರಹ ಅಂದ್ಕೊಂಡಿದ್ದಕ್ಕೆ ಸರ್ಕಾರದ ಫಾರಮ್ಮಲ್ಲಿ ಒಂದು ಸಾಲು ಇತ್ತು.

ಕಾಯ್ದೆ ಹೆಸರು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005. ಕೋರ್ಟಲ್ಲಿ ಎಲ್ರೂ ಡಿವಿ ಆಕ್ಟ್ ಅಂತಾರೆ. 2005ರಲ್ಲಿ ಪಾಸಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಇದರ ಹಿಂದೆ ವಕೀಲೆ ಇಂದಿರಾ ಜೈಸಿಂಗ್ ಅವರ ಲಾಯರ್ಸ್ ಕಲೆಕ್ಟಿವ್ ಸಂಸ್ಥೆ, ದೇಶದ ಎಷ್ಟೋ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಕೆಲಸ ಮಾಡಿದಾವೆ. ಅದಕ್ಕೂ ಮುಂಚೆ ಸರ್ಕಾರವೇ ತಂದಿದ್ದ ಒಂದು ಮಸೂದೆ ಇತ್ತು, ಅದರಲ್ಲಿ ಗಂಡ ರೂಢಿಯಾಗಿ ಹೊಡೆಯೋನಾಗಿದ್ರೆ ಮಾತ್ರ ಅದು ಹಿಂಸೆ ಅಂತ ಬರೆದಿದ್ರು, ಅಂದ್ರೆ ಅಪರೂಪಕ್ಕೆ ಹೊಡೆದ್ರೆ ನಡೆಯುತ್ತೆ ಅನ್ನೋ ಲೆಕ್ಕ. ಸಂಘಟನೆಗಳು ಅದನ್ನ ಒಪ್ಪಲಿಲ್ಲ. ಆ ಒಂದು ಪದ ಉಳಿದುಬಿಟ್ಟಿದ್ರೆ ಎಷ್ಟು ಹೆಂಗಸರು ಇನ್ನೂ ಸ್ವಲ್ಪ ಸಲ ಹೊಡೆಸ್ಕೊಂಡು ಬಾ ಅನ್ನಿಸ್ಕೊಂಡು ವಾಪಸ್ ಬರಬೇಕಿತ್ತೋ.

ಇದಕ್ಕೂ ಮುಂಚೆ ಇದ್ದಿದ್ದು ಗಂಡ, ಗಂಡನ ಮನೆಯೋರ ಕ್ರೌರ್ಯಕ್ಕೆ ಶಿಕ್ಷೆ ಹೇಳೋ 498ಎ, 1983ರಲ್ಲಿ ಐಪಿಸಿಗೆ ಸೇರಿಸಿದ್ದು, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದು ಶಿಕ್ಷೆಯ ದಾರಿ. ಬೇಕಾದೋರಿಗೆ ಬೇಕೇ ಬೇಕು ಅದು, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಅಕ್ಕನಿಗೆ ಬೇಕಾಗಿದ್ದು ಅವನು ಜೈಲಿಗೆ ಹೋಗೋದಲ್ಲ. ಅವಳು ನನ್ನ ಹತ್ರ ಹೇಳಿದ್ದು ಇಷ್ಟೇ, "ನಂಗೆ ಅವನ ಮೇಲೆ ಸೇಡು ಬೇಡ ಕಣೇ, ರಾತ್ರಿ ನಿದ್ದೆ ಬೇಕು." ನಿದ್ದೆ ಕೊಡಿಸೋಕೆ ಒಂದು ಕಾನೂನು ಇದ್ರೆ ಅದು ಈ ಡಿವಿ ಆಕ್ಟೇ. ಮೊದಲು ತಡೆ, ತಡೆ ಮುರಿದ್ರೆ ಶಿಕ್ಷೆ.

ಲಾಯರ್ ಫೀಸಿಗೆ ಏನು ಮಾಡೋದು ಅಂತ ಅಮ್ಮ ಓಲೆ ಬಿಚ್ಚೋಕೆ ಹೋಗಿದ್ರು. ಬೇಕಾಗಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಕೋರ್ಟ್ ಕಾಂಪೌಂಡಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಅಂತ ಬೋರ್ಡ್ ಇರುತ್ತೆ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ. ನಮಗೆ ಸಿಕ್ಕ ವಕೀಲೆ ಮೇಡಂ ಚಿಕ್ಕ ವಯಸ್ಸಿನೋರು, ಅನುಭವ ಕಮ್ಮಿ ಇರಬಹುದು ಅಂತ ಅಪ್ಪನಿಗೆ ಅನುಮಾನ, ಆದ್ರೆ ಅವರು ಕೇಳಿದ ಮೊದಲ ಪ್ರಶ್ನೆಗೇ ಅಪ್ಪ ಸುಮ್ಮನಾದ್ರು. "ಮನೆ ನೀರಿನ ಮೋಟರ್ ಸ್ವಿಚ್ ಎಲ್ಲಿದೆ?" ಅಂತ ಕೇಳಿದ್ರು.

ಆ ಪ್ರಶ್ನೆ ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಮನೆ ಹೆಂಗಿದೆ ಅಂತ ಹೇಳ್ಬೇಕು. ಮನೆ ಅಕ್ಕನ ಅತ್ತೆ ಹೆಸರಲ್ಲಿದೆ. ಕೆಳಗಡೆ ಅತ್ತೆ, ಮೇಲ್ಗಡೆ ಅಕ್ಕ ಭಾವ ಮಗು. ಮೇಲಕ್ಕೆ ಹೊರಗಡೆಯಿಂದಲೇ ಮೆಟ್ಟಿಲು. ಮೋಟರ್ ಸ್ವಿಚ್ ಕೆಳಗಡೆ ಅತ್ತೆಯ ಅಡುಗೆಮನೇಲಿ. ಹೊಸತೊಡಕು ಆದ ಮೇಲೆ ಅಕ್ಕ ವಾಪಸ್ ಹೋದಾಗ ಎರಡು ಸಲ ಮೇಲಿನ ಟ್ಯಾಂಕಿಗೆ ನೀರು ಬಿಟ್ಟಿರಲಿಲ್ಲ. ಮನೆ ಬಿಟ್ಟು ಓಡಿಸೋಕೆ ಹೊಡೀಲೇಬೇಕು ಅಂತೇನಿಲ್ಲ, ನೀರು ನಿಲ್ಲಿಸಿದ್ರೆ ಸಾಕು, ಮೂರನೇ ದಿನಕ್ಕೆ ಅವಳೇ ಹೋಗ್ತಾಳೆ. ವಕೀಲೆ ಮೇಡಂ ಅದಕ್ಕೇ ಅರ್ಜೀಲಿ ನೀರು ಕರೆಂಟು ತಪ್ಪಿಸಬಾರದು ಅಂತ ಒಂದು ಸಾಲು ಸೇರಿಸಿದ್ರು.

ಮನೆ ಅತ್ತೆ ಹೆಸರಲ್ಲಿದ್ರೆ ಸೊಸೆಗೆ ಏನು ಹಕ್ಕು ಅಂತ ಎಲ್ರೂ ಕೇಳಿದ್ರು. ಮುಂಚೆ ಆಗಿದ್ರೆ ಕಷ್ಟವೇ ಇತ್ತು. 2006ರ ಡಿಸೆಂಬರ್‌ನಲ್ಲಿ, ಕಾಯ್ದೆ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ಸುಪ್ರೀಂ ಕೋರ್ಟು ಬಾತ್ರಾ ಕೇಸಲ್ಲಿ ಮನೆ ಗಂಡಂದಾಗಿದ್ರೆ, ಇಲ್ಲಾ ಅವನು ಬಾಡಿಗೆಗೆ ಹಿಡಿದಿದ್ರೆ, ಇಲ್ಲಾ ಅವನಿಗೆ ಪಾಲಿರೋ ಕೂಡು ಕುಟುಂಬದ ಮನೆ ಆಗಿದ್ರೆ ಮಾತ್ರ ಹಕ್ಕು ಅಂದಿತ್ತು, ಅತ್ತೆ ಮಾವನ ಸ್ವಂತ ಮನೆ ಅಂದ್ರೆ ಸೊಸೆ ಹೊರಗೆ. ಹದಿಮೂರು ಹದಿನಾಲ್ಕು ವರ್ಷ ಹಂಗೇ ನಡೀತು. 2020ರ ಅಕ್ಟೋಬರ್ 15ಕ್ಕೆ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಮೂವರು ಜಡ್ಜುಗಳ ಪೀಠ ಅದನ್ನ ತಿದ್ದಿತು, ಮನೆ ಗಂಡನ ಮನೆಯೋರ ಹೆಸರಲ್ಲಿದ್ರೂ ಅವಳು ಅಲ್ಲಿ ಸಂಸಾರ ಮಾಡ್ಕೊಂಡು ಬಾಳಿದಾಳೆ ಅಂದ್ರೆ ಅದು ಅವಳ ವಾಸದ ಮನೆಯೂ ಆಗುತ್ತೆ ಅಂತ. ಅಕ್ಕನ ಅರ್ಜಿ ಹೋಗಿದ್ದು 2022ರ ಜೂನ್. ಎರಡು ವರ್ಷ ಮುಂಚೆ ಹೋಗಿದ್ರೆ ಅವಳ ಕಥೆ ಬೇರೆ ಆಗ್ತಿತ್ತು ಅನ್ನೋದು ಯೋಚಿಸಿದಾಗೆಲ್ಲ ನಂಗೆ ಹೊಟ್ಟೆ ಕಲಸಿದಂಗಾಗುತ್ತೆ.

ಕಾಯ್ದೇಲಿ ಮೊದಲ ಹಿಯರಿಂಗು ಸಾಮಾನ್ಯವಾಗಿ ಮೂರು ದಿನದೊಳಗೆ, ಮುಖ್ಯ ಅರ್ಜಿ ಮೊದಲ ಹಿಯರಿಂಗಿಂದ 60 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತಿದೆ. ನಮ್ಮ ಮುಖ್ಯ ಕೇಸ್ ಇನ್ನೂ ಮುಗಿದಿಲ್ಲ, ಅದನ್ನ ಬೇಜಾರಿಂದಲೇ ಹೇಳ್ತಿದೀನಿ. ಆದ್ರೆ 23ನೇ ಕಲಂ ಅಂತ ಒಂದಿದೆ, ಅಪಾಯ ಕಾಣ್ತಿದ್ರೆ ಎದುರು ಪಾರ್ಟಿ ಬರೋ ಮುಂಚೇನೆ, ಬರೀ ಅಫಿಡವಿಟ್ ನೋಡಿ ಮಧ್ಯಂತರ ಆದೇಶ ಕೊಡಬಹುದು. ಅಕ್ಕನಿಗೆ ಅದು ಒಂಬತ್ತನೇ ದಿನ ಸಿಕ್ತು. ಜೆಎಂಎಫ್‌ಸಿ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟು, ಅವತ್ತು ತುಂಬಾ ಜನ. ಜಡ್ಜ್ ಮೇಡಂ ಅಫಿಡವಿಟ್ ಪೂರ್ತಿ ಓದಿದ್ರು, ಪುಟ ತಿರುವೋದನ್ನೇ ನಾವಿಬ್ರೂ ನೋಡ್ತಾ ನಿಂತಿದ್ವಿ, ಎಂಎಲ್‌ಸಿ ಕಾಪಿ ನೋಡಿದ್ರು, ಒಂದ್ಸಲ ತಲೆ ಎತ್ತಿ ಅಕ್ಕನ್ನ ನೋಡಿದ್ರು, ಬರೆಸೋಕೆ ಶುರು ಮಾಡಿದ್ರು. ಐದು ನಿಮಿಷ ಆಗಿರಬಹುದು.

ಆದೇಶದಲ್ಲಿ ಇದ್ದಿದ್ದು ಇಷ್ಟು. ಪ್ರತಿವಾದಿ ಅರ್ಜಿದಾರಳ ಮೇಲೆ ಯಾವುದೇ ಥರದ ಹಿಂಸೆ ಮಾಡತಕ್ಕದ್ದಲ್ಲ, ಬೇರೆಯೋರ ಕೈಲಿ ಮಾಡಿಸತಕ್ಕದ್ದಲ್ಲ. ಅವಳು ಕೆಲಸ ಮಾಡೋ ಶಾಲೆಗೆ, ಮಗು ಓದೋ ಶಾಲೆಗೆ ಹೋಗತಕ್ಕದ್ದಲ್ಲ. ಫೋನು ಮೆಸೇಜು ಮಾಡತಕ್ಕದ್ದಲ್ಲ. ಮನೆಯ ಮೊದಲ ಮಹಡಿಗೆ, ಅದರ ಮೆಟ್ಟಿಲಿಗೆ ಪ್ರವೇಶ ಮಾಡತಕ್ಕದ್ದಲ್ಲ. ನೀರು ವಿದ್ಯುತ್ತು ತಪ್ಪಿಸತಕ್ಕದ್ದಲ್ಲ. ಅವಳ ಒಡವೆ ಮಾರೋದು ಅಡ ಇಡೋದು ಮಾಡತಕ್ಕದ್ದಲ್ಲ. ಅತ್ತೆ ಕೆಳಗಡೆ ಇರಬಹುದು, ಹೆಂಗಸರನ್ನ ಮನೆಯಿಂದ ಹೊರಗೆ ಕಳಿಸೋ ಆದೇಶ ಈ ಕಾಯ್ದೇಲಿ ಮಾಡೋಹಂಗಿಲ್ಲ. ಲೋಕಲ್ ಸ್ಟೇಷನ್ನಿಗೆ ಇದರ ಒಂದು ಪ್ರತಿ, ಜಾರಿಗೆ ನೆರವು ಕೊಡಿ ಅಂತ ಸೂಚನೆ. ಪ್ರತಿಗಳಿಗೆ ದುಡ್ಡು ತಗೊಳ್ಳಂಗಿಲ್ಲ, 24ನೇ ಕಲಂ.

ಅಲ್ಲೊಂದು ಸೂಕ್ಷ್ಮ ಇದೆ, ವಕೀಲೆ ಮೇಡಂ ಅದನ್ನ ಹಿಡಿದು ಕೂತಿದ್ರು. 31ನೇ ಕಲಮಿನ ಶಿಕ್ಷೆ ಇರೋದು ರಕ್ಷಣಾ ಆದೇಶ ಮುರಿದಾಗ, ಅಂದ್ರೆ 18ನೇ ಕಲಂ ಅಡಿ ಕೊಟ್ಟಿದ್ದು. ವಾಸದ ಆದೇಶ ಬರೋದು 19ರಲ್ಲಿ. ಬರೀ 19ರಲ್ಲಿ ಮಾತ್ರ ಕೇಳಿದ್ರೆ ನಾಳೆ ಎದುರು ಕಡೆ ವಕೀಲ ಇದು ರಕ್ಷಣಾ ಆದೇಶನೇ ಅಲ್ಲ ಅಂತ ವಾದ ಹೂಡ್ತಾನೆ, ಅದಕ್ಕೇ ಹತ್ರ ಬರಬಾರದು ಅನ್ನೋದನ್ನ 18ರ ಅಡೀಲೇ ಸ್ಪಷ್ಟವಾಗಿ ಬರೆಸ್ಕೋಬೇಕು ಅಂತ. ಯಾರಾದ್ರೂ ಅರ್ಜಿ ಹಾಕೋರಿದ್ರೆ ಇದನ್ನ ನಿಮ್ಮ ವಕೀಲರ ಹತ್ರ ಒಂದ್ಸಲ ಕೇಳಿ ನೋಡಿ.

ಅಮ್ಮ ಈಗಲೂ ಅದನ್ನ ಸ್ಟೇ ಅಂತಾರೆ. ನಮ್ಮ ಹುಡುಗಿ ಸ್ಟೇ ತಂದಿದಾಳೆ ಅಂತ.

ಕಾಗದ ಬಂದ ತಕ್ಷಣ ಎಲ್ಲ ಸರಿ ಹೋಯ್ತು ಅಂದ್ರೆ ಸುಳ್ಳು ಹೇಳಿದಂಗಾಗುತ್ತೆ. ಅದು ಬಂದ ಮೇಲಿನ ದಿನಗಳೇ ನಮಗೆ ಜಾಸ್ತಿ ಭಯ, ಬಿಟ್ಟು ನಿಂತ ಹೆಂಗಸಿನ ಮೇಲೆ ಸಿಟ್ಟು ಹೆಚ್ಚಾಗೋ ಕಾಲ ಅದೇ. ಗೌರಿ ಹಬ್ಬಕ್ಕೆ ಭಾವ ಅವರಮ್ಮನ ನೋಡೋಕೆ ಅಂತ ಬಂದು, ಕೆಳಗಡೆ ಊಟ ಮಾಡಿ, ಸೀದಾ ಮೆಟ್ಟಿಲು ಹತ್ತಿ ಬಾಗಿಲು ಒದ್ದರು. ಅಕ್ಕ ಸ್ಟೇಷನ್ನಿಗೆ ಫೋನ್ ಮಾಡಿದ್ಲು. ಬಂದ ಉತ್ತರ, ಇದು ಕೋರ್ಟ್ ಮ್ಯಾಟರ್ ಅಮ್ಮ, ಮುಂದಿನ ಡೇಟಲ್ಲಿ ಕೋರ್ಟಲ್ಲೇ ಹೇಳಿ. ಕೋರ್ಟಿಂದ ಹೋಗಿದ್ದ ಪ್ರತಿ ಆ ಸ್ಟೇಷನ್ನಲ್ಲಿ ಯಾವ ಫೈಲಲ್ಲಿ ಸೇರಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ರಾತ್ರಿ ನಾನು ನೆಟ್ಟಲ್ಲಿ ಹುಡುಕ್ತಾ ಹುಡುಕ್ತಾ ಅಮೆರಿಕದ ಒಂದು ಕೇಸ್ ಓದಿದೆ, ಇವತ್ತಿಗೂ ಮರೆಯೋಕಾಗ್ತಿಲ್ಲ. ಕೊಲೊರಾಡೋ ರಾಜ್ಯದ ಕ್ಯಾಸಲ್ ರಾಕ್ ಅನ್ನೋ ಊರು, 1999ರ ಜೂನ್. ಒಬ್ಬ ತಾಯಿ ಗಂಡನ ಮೇಲೆ ರಿಸ್ಟ್ರೇನಿಂಗ್ ಆರ್ಡರ್, ನಮ್ಮ ರಕ್ಷಣಾ ಆದೇಶದ ಥರದ್ದು, ತಂದಿದ್ರು. ಆ ಆದೇಶದ ಹಿಂಬದೀಲೇ ಪೊಲೀಸರು ಇದನ್ನ ಜಾರಿ ಮಾಡಲೇಬೇಕು ಅಂತ ಅಚ್ಚಾಗಿತ್ತು. ಅವನು ಮೂರು ಹೆಣ್ಣು ಮಕ್ಕಳನ್ನ ಎತ್ಕೊಂಡು ಹೋದ. ತಾಯಿ ಸಂಜೆಯಿಂದ ಮಧ್ಯರಾತ್ರಿ ದಾಟೋ ತನಕ ಮತ್ತೆ ಮತ್ತೆ ಪೊಲೀಸರಿಗೆ ಫೋನ್ ಮಾಡಿದ್ರು, ಸ್ಟೇಷನ್ನಿಗೇ ಹೋದ್ರು, ಸ್ವಲ್ಪ ಹೊತ್ತು ಕಾಯಿರಿ ಅಂದ್ರು. ಬೆಳಗಿನ ಜಾವ ಅವನೇ ಸ್ಟೇಷನ್ ಮುಂದೆ ಬಂದು ಗುಂಡು ಹಾರಿಸಿ ಪೊಲೀಸರ ಗುಂಡಿಗೆ ಸತ್ತ, ಗಾಡಿಯಲ್ಲಿ ಮೂರೂ ಮಕ್ಕಳ ಹೆಣ ಸಿಕ್ತು. 2005ರಲ್ಲಿ, ನಮ್ಮ ಕಾಯ್ದೆ ಪಾಸಾದ ಅದೇ ವರ್ಷ, ಅಲ್ಲಿನ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತದಲ್ಲಿ, ಪೊಲೀಸರು ಆ ಆದೇಶ ಜಾರಿ ಮಾಡಲೇಬೇಕು ಅಂತ ಕೇಳೋ ಹಕ್ಕು ಆ ತಾಯಿಗೆ ಸಂವಿಧಾನದ ಪ್ರಕಾರ ಇಲ್ಲ ಅಂತ ತೀರ್ಪು ಕೊಡ್ತು. ನಾನು ಫೋನ್ ಕೆಳಗಿಟ್ಟು ಅಕ್ಕನಿಗೆ ಕಾಲ್ ಮಾಡಿ ಬಾಗಿಲು ಚಿಲಕ ಹಾಕಿದೀಯಾ ಅಂತ ಮೂರು ಸಲ ಕೇಳಿದೆ.

ಅವತ್ತು ನನಗೆ ಅರ್ಥ ಆಗಿದ್ದು ಅಪ್ಪನ ಬದು. ತಡೆಯಾಜ್ಞೆ ತಂದ ಮೇಲೆ ಅಪ್ಪ ಸುಮ್ಮನೆ ಕೂತಿರಲಿಲ್ಲ, ದಿನಾ ಬೆಳಗ್ಗೆ ಹೋಗಿ ಬದು ಮೇಲೆ ನಡ್ಕೊಂಡು ಬರ್ತಿದ್ರು, ಊರೋರಿಗೆಲ್ಲ ಹೇಳಿದ್ರು, ಶ್ಯಾನುಭೋಗರಿಗೂ ಪೊಲೀಸರಿಗೂ ಒಂದೊಂದು ಪ್ರತಿ ಕೊಟ್ಟು ಬಂದಿದ್ರು. ಆದೇಶ ಎಲ್ರಿಗೂ ಗೊತ್ತಿದ್ರೆ ಮಾತ್ರ ಅದು ಆದೇಶ. ನಾವು ಅಕ್ಕನ ಕಾಗದ ನಾಚಿಕೆಗೆ ಬೀರುವಲ್ಲಿ ಮುಚ್ಚಿಟ್ಟಿದ್ವಿ.

ಮಾರನೇ ದಿನ ಕೋರ್ಟ್ ಎದುರಿನ ಜೆರಾಕ್ಸ್ ಅಂಗಡೀಲಿ ಹತ್ತು ಕಾಪಿ ಮಾಡಿಸಿದ್ವಿ. ಒಂದು ಅವಳ ಬ್ಯಾಗಲ್ಲಿ, ಒಂದು ಸ್ಕೂಲ್ ಹೆಡ್‌ಮಿಸ್ ಹತ್ರ, ಒಂದು ಮಗಳ ಸ್ಕೂಲಿಗೆ, ಒಂದು ಎದುರು ಮನೆ ಆಂಟಿಗೆ, ಒಂದು ಅಪ್ಪನಿಗೆ. ಅಪ್ಪ ತಾವೇ ಒಂದು ಕಾಪಿ ತಗೊಂಡು ಸ್ಟೇಷನ್ನಿಗೆ ಹೋಗಿ, ಸೀಲ್ ಹಾಕಿಸ್ಕೊಂಡು ರಿಸೀವ್ಡ್ ಅಂತ ಬರೆಸ್ಕೊಂಡು ಬಂದ್ರು. ವಕೀಲೆ ಮೇಡಂ 31, 32ನೇ ಕಲಮ್ಮುಗಳನ್ನ ಕನ್ನಡದಲ್ಲಿ ಟೈಪ್ ಮಾಡಿಸಿ ಪ್ರತಿ ಕಾಪಿ ಜೊತೆ ಪಿನ್ ಮಾಡಿಸಿದ್ರು, ಆದೇಶ ಮುರಿದಿದ್ದಾನೆ ಅಂತ ಕೋರ್ಟಿಗೂ ಒಂದು ಅರ್ಜಿ ಕೊಟ್ರು.

ದೀಪಾವಳಿಗೆ ಎರಡು ದಿನ ಇತ್ತು. ರಾತ್ರಿ ಒಂಬತ್ತೂ ಮುಕ್ಕಾಲು. ಮಗು ಹೋಂವರ್ಕ್ ಬರೀತಿತ್ತಂತೆ, ಬೀದೀಲಿ ಬೈಕ್ ಸದ್ದಾದ್ರೆ ಪೆನ್ಸಿಲ್ ನಿಲ್ಲಿಸೋದು ಅದಕ್ಕೆ ಅಭ್ಯಾಸ ಆಗ್ಬಿಟ್ಟಿತ್ತು, ಅವತ್ತು ಪೆನ್ಸಿಲ್ ನಿಲ್ಲಿಸಿದ್ದು ಮುಂದಕ್ಕೆ ಹೋಗಲೇ ಇಲ್ಲ. ಅಕ್ಕ 112ಕ್ಕೆ ಫೋನ್ ಮಾಡಿ, ಕೋರ್ಟ್ ರಕ್ಷಣಾ ಆದೇಶ ಇದೆ, ನಂಬರ್ ಇಷ್ಟು, ಮುರೀತಿದಾರೆ ಅಂತ ಹೇಳಿದ್ಲು. ಹೊಡೀತಾರೆ ಅನ್ನಲಿಲ್ಲ, ಆದೇಶ ಮುರೀತಿದಾರೆ ಅಂದ್ಲು, ಹಂಗೇ ಹೇಳ್ಬೇಕು ಅಂತ ಮೇಡಂ ಕಲಿಸಿದ್ರು. ಗಾಡಿ ಬಂತು. ಒಬ್ಬ ಚಿಕ್ಕ ವಯಸ್ಸಿನ ಕಾನ್ಸ್‌ಟೇಬಲ್ ಮೆಟ್ಟಿಲ ಕೆಳಗೆ ನಿಂತು ಮೊಬೈಲ್ ಟಾರ್ಚ್ ಹಾಕ್ಕೊಂಡು ಪೂರ್ತಿ ಓದಿದರಂತೆ, ತುಟಿ ಅಲ್ಲಾಡಿಸ್ತಾ, ಒಂದೊಂದೇ ಸಾಲು. ಭಾವ ಪಕ್ಕದಲ್ಲೇ ನಿಂತು, "ನಮ್ಮಮ್ಮನ ಮನೆ ಸಾರ್ ಇದು, ನಾನು ಹುಟ್ಟಿ ಬೆಳೆದ ಮನೆ" ಅಂತಿದ್ರು. ಓದಿ ಮುಗಿಸಿ ಆ ಹುಡುಗ, "ಕೆಳಗಡೆ ನಿಮ್ಮಮ್ಮನ ಮನೆ ಇರಬಹುದು ಸಾರ್, ಈ ಮೆಟ್ಟಿಲು ನೀವು ಹತ್ತಂಗಿಲ್ಲ. ಯಾಕೆ ಹತ್ತಿದ್ರಿ ಹೇಳಿ" ಅಂದ.

ಅಕ್ಕ ನನಗೆ ಇದನ್ನ ಹೇಳುವಾಗ ಆ ಒಂದು ಪ್ರಶ್ನೇನ ನಾಲ್ಕು ಸಲ ಹೇಳಿದ್ಲು. ಯಾಕೆ ಹತ್ತಿದ್ರಿ ಹೇಳಿ. ಹನ್ನೊಂದು ವರ್ಷ ಪ್ರಶ್ನೆಗಳೆಲ್ಲ ಅವಳಿಗೇ ಇದ್ದವು. ಯಾಕೆ ಎದುರು ಮಾತಾಡಿದೆ, ಯಾಕೆ ಮನೆ ಬಿಟ್ಟು ಬಂದೆ, ಯಾಕೆ ಮೊದಲೇ ಹೇಳಲಿಲ್ಲ, ಯಾಕೆ ಈಗ ಹೇಳ್ತಿದೀಯ. ಈ ಆದೇಶ ಮಾಡಿದ ಕೆಲಸ ಇದು ಅಂತ ನಂಗನ್ನಿಸುತ್ತೆ, ಉತ್ತರ ಕೊಡಬೇಕಾದೋರು ಯಾರು ಅನ್ನೋದನ್ನ ಬದಲಾಯಿಸ್ತು. ಅವಳು ಮನೇಲಿದ್ಲು, ಹೊರಗೆ ನಿಂತು ಕಾರಣ ಹೇಳ್ತಿದ್ದೋನು ಅವನು.

ಎಫ್ಐಆರ್ ಆಯ್ತು. ಎರಡು ದಿನ ಒಳಗಿದ್ದು ಜಾಮೀನು ತಗೊಂಡ್ರು. ಅದಾದ ಮೇಲೆ ಕೆಳಗಡೆ ಮನೆಗೆ ಬರ್ತಾರೆ, ಮೆಟ್ಟಿಲು ಮುಟ್ಟಿಲ್ಲ.

ಕಾನೂನು ದುರುಪಯೋಗ ಆಗುತ್ತೆ ಅಂತ ಹೇಳೋರು ನಮ್ಮ ಬಳಗದಲ್ಲೂ ಇದಾರೆ, ಅವರ ಹತ್ರ ನಾನು ಜಗಳ ಆಡಿದೀನಿ. ಒಂದ್ಸಲ ಆದೇಶದಲ್ಲಿ ಏನಿದೆ ಅಂತ ಓದಿ ನೋಡಿ. ಹೊಡೀಬೇಡ, ಹೆದರಿಸಬೇಡ, ಅವಳ ಒಡವೆ ಮಾರಬೇಡ. ತಪ್ಪು ಮಾಡದೇ ಇರೋನಿಗೆ ಇದರಿಂದ ಹೋಗೋದೇನು? ಅವನ ಮಾತನ್ನೂ ಕೋರ್ಟು ಕೇಳುತ್ತೆ, ಪರಿಸ್ಥಿತಿ ಬದಲಾಗಿದ್ರೆ ಆದೇಶ ಬದಲಾಯಿಸಿ ಅಂತ ಅವನೂ ಅರ್ಜಿ ಹಾಕಬಹುದು, 25ನೇ ಕಲಂ ಇದೆ. 2019ರಿಂದ 21ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ, 18ರಿಂದ 49 ವಯಸ್ಸಿನೋರು, ಶೇಕಡಾ 44.4 ಜನ ಗಂಡನಿಂದ ಹಿಂಸೆ ಅನುಭವಿಸಿದೀವಿ ಅಂದಿದಾರೆ. ಅದಕ್ಕೂ ಹಿಂದಿನ ಸಮೀಕ್ಷೇಲಿ 20.6 ಇತ್ತು. ದೇಶದ ಸರಾಸರಿ 29.3. ದೇಶದಲ್ಲಿ ದೈಹಿಕ ಇಲ್ಲಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದೋರು ಶೇಕಡಾ 14 ಅಷ್ಟೇ. ನೂರಕ್ಕೆ ಹದಿನಾಲ್ಕು ಜನ ಬಾಯಿ ಬಿಡೋ ದೇಶದಲ್ಲಿ ದುರುಪಯೋಗದ ಮಾತು ಮೊದಲು ಬರುತ್ತಲ್ಲ, ಅದು ನನಗೆ ನೋವು.

ನನ್ನ ತಕರಾರು ಬೇರೆ ಇದೆ. ಮೊಟ್ಟೆ ಬಿಲ್ಲು ನೋಡೋ ಮೇಡಂನೇ ರಕ್ಷಣಾಧಿಕಾರಿನೂ ಆಗಿ, ಅವರಿಗೆ ಪ್ರತ್ಯೇಕ ಜನ ಇಲ್ಲ, ಓಡಾಡೋಕೆ ಗಾಡಿ ಇಲ್ಲ ಅಂದ್ರೆ ಅವರು ಎಷ್ಟು ಮನೆ ಅಂತ ಹತ್ತಿ ಇಳೀತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಆ ಪೀಠದಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ರು, ಇನ್ನೂ ರಕ್ಷಣಾಧಿಕಾರಿಗಳನ್ನ ಗುರುತಿಸದೇ ಇರೋ ಕಡೆ ಜಿಲ್ಲೆ, ತಾಲೂಕು ಮಟ್ಟದಲ್ಲಿ ಆರು ವಾರದೊಳಗೆ ಗುರುತಿಸಿ ಅಂತ ರಾಜ್ಯಗಳಿಗೆ ಹೇಳ್ತು. ಕಾಯ್ದೆ ಜಾರಿಗೆ ಬಂದು ಹದಿನೆಂಟು ವರ್ಷ ದಾಟಿದ ಮೇಲೆ ಹೇಳಬೇಕಾಯ್ತು. ಹೆಸರು ಗುರುತಿಸಿದ್ರೆ ಸಾಲದು, ಆ ಹೆಸರಿನೋರಿಗೆ ಬೇರೆ ಕೆಲಸ ಇರಬಾರದು ಅನ್ನೋದು ನನ್ನ ಮಾತು.

ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಬೇಕಾಗಿದ್ರೆ, 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಜಿಲ್ಲಾ ಕೇಂದ್ರದಲ್ಲಿ ಹಿಂಸೆಗೊಳಗಾದ ಹೆಂಗಸರಿಗೆ ನೆರವು ಕೊಡೋ ಸಖಿ ಕೇಂದ್ರ ಇರುತ್ತೆ. ತವರಿಗೆ ಬಂದಿದ್ರೆ ತವರಿನ ಊರಿನ ಕೋರ್ಟಲ್ಲೇ ಅರ್ಜಿ ಹಾಕಬಹುದು, ತಾತ್ಕಾಲಿಕವಾಗಿ ಇರೋ ಜಾಗದಲ್ಲೂ ಆಗುತ್ತೆ. ಮದುವೆಯಾದ ಹೆಂಡತಿನೇ ಆಗಿರಬೇಕು ಅಂತಿಲ್ಲ, ತಾಯಿ, ಅಕ್ಕ ತಂಗಿ, ವಿಧವೆ ಸೊಸೆ, ಮದುವೆ ಥರದ್ದೇ ಸಂಬಂಧದಲ್ಲಿ ಜೊತೆಗೆ ಬಾಳಿದೋರು, ಎಲ್ರೂ ಕೇಳಬಹುದು.

ಹೋದ ವಾರ ಅಕ್ಕ ಫೋನ್ ಮಾಡಿದ್ಲು. ಆದೇಶ ಇನ್ನೂ ಜಾರಿಯಲ್ಲೇ ಇದೆ, ಆದ್ರೆ ಬ್ಯಾಗಲ್ಲಿಟ್ಕೊಂಡು ಓಡಾಡಿದ ಕಾಪಿ ಮಡಿಕೆಯಲ್ಲಿ ಹರಿದಿದೆಯಂತೆ, ಸೀಲ್ ಇರೋ ಜಾಗವೇ ಎರಡು ತುಂಡಾಗಿದೆ. ಟೇಪ್ ಹಾಕಲಾ ಅಂದ್ಲು. ಬೇಡ, ಹೊಸ ಸರ್ಟಿಫೈಡ್ ಕಾಪಿಗೆ ಹಾಕೋಣ ಅಂದೆ. "ಹಂಗಾದ್ರೆ ಸೋಮವಾರ ರಜೆ ಹಾಕಿ ಬಾ, ಈ ಸಲ ಹದಿನೈದು ಜೆರಾಕ್ಸ್ ಮಾಡಿಸ್ಬೇಕು, ಮಗು ಟ್ಯೂಷನ್ನಿಗೆ ಸೇರಿದೆ, ಆ ಮಿಸ್ಸಿಗೂ ಒಂದು ಕೊಡ್ಬೇಕು" ಅಂದ್ಲು.